ಮೇಸ್ತ್ರಿ ಉಣ್ಣದೆ ಬಿಟ್ಟ ಊಟ

ಎಳ್ಳೆಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಟ್ಟಿಗೆ ಕುದಿಯುವ ವಾಸನೆ. ಕಳೆದ ವಾರ ಆಫೀಸಿನವರೆಲ್ಲ ಸೇರಿ ಬೆಂಗಳೂರಿನ ಒಂದು ಚೈನೀಸ್-ಕೊರಿಯನ್ ಹೋಟೆಲಿಗೆ ಹೋಗಿದ್ದೆವು. ಟೇಬಲ್ಲಿನ ನಡುವೆ ಒಲೆ, ಅದರ ಮೇಲೆ ಸಾರಿನ ಪಾತ್ರೆ. ಹಬೆ ಮುಖಕ್ಕೆ ಬಡಿದದ್ದೇ ತಡ, ನನಗೆ ಮೇಸ್ತ್ರಿ ನೆನಪಾದರು...

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದ ಕಾಲ ಅದು. ನಾನು ಒಂದು ಕಂಟ್ರಾಕ್ಟು ಕಂಪನಿಯ ಸೈಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದರಿಂದ, ಕೊರಿಯಾದಿಂದ ಬಂದಿದ್ದ ಎಂಜಿನಿಯರಿಗೂ ನಮ್ಮವರಿಗೂ ನಡುವೆ ಮಾತು ದಾಟಿಸುವ ಕೆಲಸವೂ ನನ್ನ ಪಾಲಿಗೇ ಬಿದ್ದಿತ್ತು. ಗಾಳಿಯಂತ್ರದ ಕಂಬ ನಿಲ್ಲಿಸುವ ಗ್ಯಾಂಗಿಗೆ ಆದಿವಾಲ ಊರಿನ ಈ ಮೇಸ್ತ್ರಿ. ಗಿಡ್ಡ ಆಳು, ಕೂಗಿದರೆ ಗುಡ್ಡದ ಬುಡಕ್ಕೆ ಕೇಳಿಸುವ ಗಂಟಲು. ಆಳುಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆದರೆ ಅವರೆಲ್ಲ ಉಣ್ಣಲು ಕೂತದ್ದನ್ನು ನೋಡದೆ ತಮ್ಮ ಬುತ್ತಿ ಬಿಚ್ಚುತ್ತಿರಲಿಲ್ಲ.

ಗ್ಯಾಂಗಿನಲ್ಲಿ ತಿಪ್ಪೇಶ ಅಂತ ಒಬ್ಬನಿದ್ದ. ಹೊರಕೆರೆದೇವಪುರದ ಕಡೆಯವನು, ಹೆಂಡತಿ ಮಕ್ಕಳಿದ್ದವನು. ಇನ್ನೇನು ಕೆಲಸ ಮುಗಿಯಿತು ಅನ್ನುವಾಗ ಸೊಂಟಕ್ಕೆ ಕಟ್ಟಿದ್ದ ಸೇಫ್ಟಿ ಬೆಲ್ಟು ಕಿತ್ತುಹೋಗಿ ಕಂಬದ ಮೇಲಿನಿಂದ ಬಿದ್ದ. ಬೆಲ್ಟು ಸವೆದಿದೆ, ಬದಲಾಯಿಸಿ ಎಂದು ಮೇಸ್ತ್ರಿ ನಮ್ಮ ಕಂಪನಿಯ ಮ್ಯಾನೇಜರಿಗೆ ಮೊದಲೇ ಹೇಳಿದ್ದರು. ಆಸ್ಪತ್ರೆಯ ದಾರಿಯಲ್ಲಿ, ಮೇಸ್ತ್ರಿಯ ತೊಡೆಯ ಮೇಲೆಯೇ ಅವನ ಜೀವ ಹೋಯಿತು. ಎಂಜಿನಿಯರ್ ಆಗ ಬೆಂಗಳೂರಿನಲ್ಲಿದ್ದರು.

ಕೆಲಸ ಮುಗಿದ ಖುಷಿಗೆ ಅವರು ನಮ್ಮನ್ನೆಲ್ಲ ಬೆಂಗಳೂರಿಗೆ ಊಟಕ್ಕೆ ಕರೆದರು. ವ್ಯಾನಿನಲ್ಲಿ ಮೇಸ್ತ್ರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೋಟೆಲಿನಲ್ಲಿ, ಕುದಿಯುವ ಸಾರಿಗೆ ಸೊಪ್ಪು, ಅಣಬೆ, ತೆಳ್ಳಗೆ ಕುಯ್ದ ಮಾಂಸ ಹಾಕಿ, ಬೆಂದದ್ದನ್ನು ಜೋಡಿ ಕಡ್ಡಿಯಿಂದ ಎತ್ತಿ ತಿನ್ನಬೇಕಿತ್ತು. ಕಡ್ಡಿ ಕೈಯಲ್ಲಿ ನಿಲ್ಲದೆ ನಮ್ಮವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಎಂಜಿನಿಯರ್ ಎದ್ದು ಬಂದು ಮೇಸ್ತ್ರಿಯ ಬಟ್ಟಲಿಗೆ ತಾವೇ ಬಡಿಸಿದರು. ಆಗ ಮ್ಯಾನೇಜರ್ ನಿಂತು, ಯಾವ ತೊಂದರೆಯೂ ಆಗದೆ ಕೆಲಸ ಮುಗಿಯಿತು ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು.

ಮೇಸ್ತ್ರಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಒಬ್ಬ ಕಮ್ಮಿ ಅವ್ನೆ ಸಾರ್ ಇಲ್ಲಿ. ತಿಪ್ಪೇಶ."

"ಉಣ್ಣೋ ಹೊತ್ನಲ್ಲಿ ಅದೆಲ್ಲ ಯಾಕ್ರಿ?" ಮ್ಯಾನೇಜರ್ ದನಿ ತಗ್ಗಿಸಿದರು. "ಮುಂದಿನ ಗುಡ್ಡದ ಕೆಲಸನೂ ನಿಮಗೇ ಅಂತ ಇಟ್ಟಿದೀನಿ. ಸುಮ್ನೆ ಊಟ ಮಾಡ್ರಿ."

"ಬೆಲ್ಟು ಸವ್ದೈತೆ ಅಂತ ನಿಮ್ ಮುಂದೇನೇ ನಿಂತು ಹೇಳಿದ್ದೆ. ಇವತ್ತಿಗೂ ಆ ಮನೆ ಬಾಗ್ಲಿಗೆ ಕಂಪನಿಯೋರು ಒಬ್ರೂ ಹೋಗಿಲ್ಲ. ಈ ಸಾಹೇಬ್ರಿಗೆ ಗೊತ್ತೈತಾ, ಕೇಳ್ರಿ."

ಎಂಜಿನಿಯರ್ ನನ್ನ ಕಡೆ ತಿರುಗಿದರು. ಊಟಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದಾನೆ ಎಂದು ಮ್ಯಾನೇಜರ್ ಅಡ್ಡ ಬಾಯಿ ಹಾಕಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ತಿಪ್ಪೇಶ ಕಾಲು ಮುರಿದುಕೊಂಡು ಊರಿಗೆ ಹೋಗಿದ್ದಾನೆ ಅಂತಷ್ಟೇ ಮ್ಯಾನೇಜರ್ ಅವರಿಗೆ ತಿಳಿಸಿದ್ದರಂತೆ... ಎಂಜಿನಿಯರ್ ಕೈ ಚಾಚಿ ಒಲೆ ಆರಿಸಿದರು. ಆಮೇಲೆ ಯಾರೂ ಪಾತ್ರೆಗೆ ಕಡ್ಡಿ ಹಾಕಲಿಲ್ಲ.

ಮರುದಿನ ಅವರು ನಮ್ಮ ಜೊತೆಗೇ ತಿಪ್ಪೇಶನ ಮನೆಗೆ ಬಂದು, ಅವನ ಫೋಟೋದ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದರು. ಅವನ ಹೆಂಡತಿ ಗೋಡೆಗೆ ಒರಗಿ ನೋಡುತ್ತಲೇ ಇದ್ದಳು. ಆಮೇಲೆ ಅವರು ತಮ್ಮ ದೇಶಕ್ಕೆ ಹೋದರು. ಕಂಪನಿಯವರು ಯಾರೂ ಆ ಕಡೆ ಸುಳಿಯಲಿಲ್ಲ.

ಯಾವ ಗುಡ್ಡದ ಕೆಲಸಕ್ಕೂ ಮೇಸ್ತ್ರಿಯನ್ನು ಮತ್ತೆ ಕರೆಯಲಿಲ್ಲ. ಅವರು ಜಲ್ಲಿ ಕ್ರಷರ್ ಸೇರಿದರು. ಆ ಧೂಳು ಎದೆಗೆ ಇಳಿಯಿತು. ಕೆಲವು ವರ್ಷಗಳ ಮೇಲೆ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಒಂದು ಮಾತಾಡಿ ಮುಗಿಸುವಷ್ಟರಲ್ಲಿ ಉಬ್ಬಸ ಬರುತ್ತಿತ್ತು. ಅವತ್ತು ಸುಮ್ಮನಿರಬಹುದಿತ್ತು ಅಂತ ಯಾವತ್ತಾದರೂ ಅನ್ನಿಸಿತೇ ಎಂದು ಕೇಳಿದೆ.

"ಸುಮ್ಕಿದ್ದಿದ್ರೆ ಆ ಹೆಣ್ಮಗಳ ಮುಂದೆ ಹೆಂಗಪ್ಪ ಹೋಗಿ ನಿಂತ್ಕಳ್ಲಿ?" ಅಂದರು. ಬಸ್ಸು ಬಂತು, ನಾನು ಹತ್ತಿದೆ. ಅವರು ಹೋದ ಸುದ್ದಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

"ಯಾಕ್ರಿ, ಏನೂ ತಿಂತಿಲ್ಲ?" ಕಳೆದ ವಾರ ಆ ಹೋಟೆಲಿನಲ್ಲಿ ಪಕ್ಕದಲ್ಲಿದ್ದವರು ಕೇಳಿದರು. ಹೇಳೋಣ ಅಂತ ಬಾಯಿ ತೆರೆದೆ... ಎಲ್ಲರೂ ನಗುತ್ತಿದ್ದರು. ಹೊಟ್ಟೆ ಸರಿಯಿಲ್ಲ ಅಂದೆ. ಮೇಸ್ತ್ರಿ ಇದ್ದಿದ್ದರೆ ಹೇಳಿಬಿಡುತ್ತಿದ್ದರು.