ಬನಹಟ್ಟಿಯಲ್ಲಿ ಮನೆ ನೋಡಲು ಬಂದವರು

ಜಮಖಂಡಿಯಲ್ಲಿದ್ದುಕೊಂಡು ನಾನು ಮಾಡುವ ಕೆಲಸ ಏನೆಂದು ನಮ್ಮ ಅತ್ತೆಗೆ ತಿಳಿಸಿ ಹೇಳುವುದು ಇನ್ನೂ ಆಗಿಲ್ಲ. ಮನೆ, ಪ್ಲಾಟು ಮಾರುವವರು ಆನ್‌ಲೈನಿನಲ್ಲಿ ಜಾಹೀರಾತು ಹಾಕುತ್ತಾರೆ. ಆ ಜಾಗ ಮ್ಯಾಪಿನಲ್ಲಿ ಸರಿಯಾಗಿ ತೋರಿಸುತ್ತಿದೆಯೇ ಎಂದು ನಾನು ಸ್ಕೂಟಿ ಹತ್ತಿ ಹೋಗಿ ನೋಡುತ್ತೇನೆ, ತಪ್ಪಿದ್ದರೆ ತಿದ್ದುತ್ತೇನೆ. "ಮನಿ ಇದ್ದಲ್ಲೇ ಐತೋ ಇಲ್ಲೋ ನೋಡಾಕ ಪಗಾರ ಕೊಡ್ತಾರೇನ?" ಎಂದು ಅತ್ತೆ ನಗುತ್ತಾರೆ.

ಮ್ಯಾಪಿನಲ್ಲಿ ಮನೆಗಳು ಇದ್ದಲ್ಲೇ ಇರುವುದಿಲ್ಲ. ಗಲಗಲಿಯ ಒಂದು ಪ್ಲಾಟು ಒಮ್ಮೆ ಕೃಷ್ಣಾ ನದಿಯ ನಡುವೆ ಹೋಗಿ ಕೂತಿತ್ತು. ಅದನ್ನು ನೋಡಿದವರೊಬ್ಬರು ಫೋನ್ ಮಾಡಿ, "ಪ್ಲಾಟಿನ ಜೋಡಿ ದೋಣಿನೂ ಕೊಡ್ತೀರೇನ್ರಿ?" ಎಂದು ಕೇಳಿದ್ದರು. ಆದರೆ ಬನಹಟ್ಟಿಯಲ್ಲಿ ಆದದ್ದು ಅದಕ್ಕಿಂತ ದೊಡ್ಡ ಗೊಂದಲ.

ಮನೆ ಮಾರಲು ಹೊರಟಿದ್ದವರು ಒಬ್ಬ ನಿವೃತ್ತ ಕಂಡಕ್ಟರ್. ಊರಾಚೆ ಹೊಸ ಮನೆ ಕಟ್ಟಿಸಿಕೊಂಡು ಹಳೆಯದನ್ನು ಮಾರಾಟಕ್ಕೆ ಇಟ್ಟಿದ್ದರು. ಹಳೆಯ ಮನೆಯಲ್ಲಿ ಅವರ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಾಗಾಗಿ ಹಿಂದಿನ ಓಣಿಯ ಗೆಳೆಯರ ಮನೆಯ ಕಟ್ಟೆಯ ಮೇಲೆ ಕೂತು ಜಾಹೀರಾತು ಹಾಕಿದ್ದರು. ಫೋನು ತಾನಿದ್ದ ಜಾಗವನ್ನೇ ಮನೆಯ ಜಾಗವೆಂದು ಬರೆದುಕೊಂಡಿತು. ಭಾನುವಾರ ಮುಧೋಳದಿಂದ ಒಂದು ಕುಟುಂಬ ಮನೆ ನೋಡಲು ಬರುವುದಿತ್ತು. ಅವರು ಬರುವ ಮೊದಲೇ ಲೊಕೇಶನ್ ತಿದ್ದಿಬಿಡೋಣವೆಂದು ನಾನು ಬೇಗನೇ ಹೊರಟೆ. ಅವರು ನನಗಿಂತ ಬೇಗ ಹೊರಟಿದ್ದರು.

ಕಂಡಕ್ಟರರೂ ನಾನೂ ಬಾಗಿಲಲ್ಲಿ ನಿಂತು ಕಾದೆವು. ನನ್ನ ಫೋನಿನಿಂದ ಕರೆ ಮಾಡಿದರೆ ಮುಧೋಳದವರು ಎತ್ತಲಿಲ್ಲ. ಮ್ಯಾಪ್ ತೆರೆದು ನೋಡಿದಾಗ, ಅವರು ಆ ತಪ್ಪು ಗುರುತು ಹಿಡಿದು ಹಿಂದಿನ ಓಣಿಗೇ ಹೋಗಿರಬೇಕೆಂದು ನನಗೆ ಗೊತ್ತಾಯಿತು. ಕಂಡಕ್ಟರರಿಗೆ ಅಲ್ಲೇ ಇರಲು ಹೇಳಿ ಅತ್ತ ಓಡಿದೆ.

ಆ ಮನೆಯ ಮುಂದೆ ರಂಗೋಲಿ ಹಾಕಿತ್ತು. ಬಾಗಿಲಲ್ಲಿ ಚಪ್ಪಲಿಗಳ ಸಾಲು. ನಾನು ಇಣುಕುವಷ್ಟರಲ್ಲೇ ಮನೆಯಾಕೆ ಓಡಿ ಬಂದು, "ಬರ್ರಿ ಬರ್ರಿ, ನೀವು ಹುಡುಗನ ಅಕ್ಕಾರಲ್ಲೇನ್ರಿ?" ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ಬಾಯಿ ತೆರೆಯುವ ಮೊದಲೇ ಕೈಗೆ ಉಪ್ಪಿಟ್ಟು, ಶಿರಾದ ತಟ್ಟೆ ಬಂತು. ಅವತ್ತು ಅವರ ಮಗಳನ್ನು ನೋಡಲು ಬೀಳಗಿಯಿಂದ ಗಂಡಿನವರು ಬರುವುದಿತ್ತಂತೆ!

ಜಮಖಾನೆಯ ಮೇಲೆ ಮುಧೋಳದ ಯಜಮಾನರು, ಅವರ ಹೆಂಡತಿ, ಮಗ ಕೂತಿದ್ದರು. ಅದು ನೇಕಾರರ ಓಣಿ. ಅತಿಥಿಗಳು ಬರುತ್ತಾರೆಂದು ಈ ಮನೆಯ ಮಗ್ಗ ನಿಲ್ಲಿಸಿದ್ದರೂ ಪಕ್ಕದ ಮನೆಯ ಮಗ್ಗ ಖಟಖಟನೆ ಓಡುತ್ತಿತ್ತು. ಅರ್ಧ ಮಾತು ಕೇಳಿಸುತ್ತಿತ್ತು, ಇನ್ನರ್ಧವನ್ನು ಅವರವರೇ ಊಹಿಸಿಕೊಳ್ಳುತ್ತಿದ್ದರು.

"ಫೋಟೋದಾಗ ನೋಡೇ ಮನಸಿಗಿ ಬಂದಿತ್ರಿ. ಎದುರಿಗೆ ಒಮ್ಮಿ ನೋಡೂಣಂತ ಬಂದ್ವಿ," ಎಂದರು ಯಜಮಾನರು.

ಹುಡುಗಿಯ ತಂದೆಯ ಮುಖ ಅರಳಿತು.

"ಎಷ್ಟು ವರ್ಷ ಆತ್ರಿ?"

"ಇಪ್ಪತ್ತಾರು ನಡದೈತ್ರಿ."

"ಹಂಗಾರ ಭಾಳ ಹಳೇದೇನಲ್ಲ ಬಿಡ್ರಿ."

ಹುಡುಗಿಯ ತಂದೆ ತಬ್ಬಿಬ್ಬಾದರೂ ಸಾವರಿಸಿಕೊಂಡು, ಮುಧೋಳದವರ ಮಗನನ್ನೇ ನೋಡುತ್ತ, "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದರು.

ಆ ಮಗ ಬಾಯಲ್ಲಿದ್ದ ಶಿರಾ ನುಂಗಿ, "ನಮ್ಮ ಹುಡುಗ ಈಗ ಅಂಗನವಾಡಿಗಿ ಹೊಂಟಾನ್ರಿ," ಎಂದ.

ಮೊದಲು ನಕ್ಕವಳು, ಚಹಾದ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದ ಹುಡುಗಿ. ನಾನು ಎದ್ದು ನಿಂತು ಎಲ್ಲವನ್ನೂ ವಿವರಿಸಿದೆ. ಮುಧೋಳದ ಯಜಮಾನರು ನಾಚಿ ತಟ್ಟೆ ಕೆಳಗಿಟ್ಟರು. "ತಪ್ಪಾತ್ರಿ ಯಜಮಾನ್ರ, ನಾ ಮನಿ ಬಗ್ಗೆ ಕೇಳಾಕತ್ತಿದ್ದೆ!"

"ಅಪ್ಪಾ, ನಾ ಸೋರಂಗಿಲ್ಲ, ಗ್ವಾಡಿನೂ ಬಿರಕ ಬಿಟ್ಟಿಲ್ಲ ಅಂತ ಹೇಳು," ಎಂದಳು ಹುಡುಗಿ. ಆಕೆ ಜಮಖಂಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ತಂದೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಖರೇ ಗಂಡಿನವರು! ಉಪ್ಪಿಟ್ಟಿನ ಪಾತ್ರೆ ಖಾಲಿ. ಮನೆಯಾಕೆ ಕೈ ಹಿಸುಕಿಕೊಳ್ಳುತ್ತಿದ್ದಾಗ ಮುಧೋಳದಾಕೆ ಸೆರಗು ಸಿಗಿಸಿ, "ರವಾ ಎಲ್ಲೈತಿ ತೋರಸ್ರಿ ಅಕ್ಕಾರ," ಎನ್ನುತ್ತ ಅಡುಗೆಮನೆಗೆ ನಡೆದರು. ನಾನು ಉಳ್ಳಾಗಡ್ಡಿ ಹೆಚ್ಚಲು ಕೂತೆ. ಮುಧೋಳದ ಯಜಮಾನರು ಹೊರಡಲು ಎದ್ದರೆ ಹುಡುಗಿಯ ತಂದೆ ಬಿಡಲಿಲ್ಲ. "ಕುಂದರ್ರಿ, ನಮ್ಮ ಕಡೆ ಒಬ್ಬರು ಹಿರ್‍ಯಾರು ಇದ್ದಂಗಾಗತೈತಿ," ಎಂದರು. ಪಾಪ, ಅವರು ಮೆತ್ತಗಿನ ಮನುಷ್ಯ.

ಮುಧೋಳದವರು ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡರು. ಗಂಡಿನವರ ಚಹಾ ಮುಗಿಯುತ್ತಲೇ, "ಲಗ್ನ ಆದ ಮ್ಯಾಲ ನಮ್ಮ ಹುಡುಗಿ ಸಾಲಿಗಿ ಹೋಗಬಹುದಿಲ್ರಿ?" ಎಂದು ಕೇಳಿಯೇಬಿಟ್ಟರು.

ಗಂಡಿನ ತಾಯಿ, "ಮನ್ಯಾಗ ಏನ್ ಕಮ್ಮಿ ಐತ್ರಿ? ನೌಕರಿ ಯಾಕ ಬೇಕು?" ಎಂದರು. ಹುಡುಗ ನೆಲ ನೋಡಿಕೊಂಡು ಕೂತ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ನಾನು ನೋಡಿದೆ. ತಂದೆ ಕೇಳಲು ಹಿಂಜರಿಯುತ್ತಿದ್ದ ಪ್ರಶ್ನೆ ಅದೇ ಆಗಿತ್ತು. ಗಂಡಿನವರು ಹೋದ ಮೇಲೆ ಆಕೆ ತಂದೆಯ ಹತ್ತಿರ ಕೂತು, "ಬ್ಯಾಡಪ್ಪಾ," ಎಂದಳು. ಅವರು ಅವಳ ತಲೆ ಸವರಿ, "ಆತವ್ವಾ, ನಿನ್ನ ಮನಸಿಗಿ ಬರದಿದ್ರ ಬ್ಯಾಡ," ಎಂದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಉಳಿದ ಉಪ್ಪಿಟ್ಟನ್ನು ಎಲ್ಲರೂ ಹಂಚಿಕೊಂಡು ತಿಂದೆವು.

ಆಮೇಲೆ ಕಂಡಕ್ಟರರ ನೆನಪಾಯಿತು. ಅವರು ಇನ್ನೂ ಬಾಗಿಲಲ್ಲೇ ನಿಂತಿದ್ದರು! ಮುಧೋಳದವರು ಮನೆಯನ್ನೆಲ್ಲ ತಿರುಗಿ ನೋಡಿದರು. ನಾನು ಅಂಗಳದಲ್ಲಿ ನಿಂತು ಮ್ಯಾಪಿನ ಕೆಂಪು ಗುರುತನ್ನು ಎಳೆದು ಸರಿಯಾದ ಮನೆಯ ಮಾಳಿಗೆಯ ಮೇಲೆ ಕೂರಿಸಿದೆ. ಮಗನಿಗೆ ಅಡುಗೆಮನೆ ಸಣ್ಣದೆನಿಸಿತು. ಅವನು ಬನಹಟ್ಟಿಯಲ್ಲಿ ಸೀರೆ ಅಂಗಡಿ ತೆರೆಯುವವನಿದ್ದ, ಮನೆ ಬೇಕಾದದ್ದು ಅದಕ್ಕೇ. ಇನ್ನೂ ಒಂದೆರಡು ಮನೆ ನೋಡೋಣವೆಂದ. ಅವನ ತಾಯಿ ಮಾತ್ರ, "ಅಡಗಿಮನಿ ದೊಡ್ಡದು ಮಾಡಸಬಹುದು. ಹಿಂದಿನ ಓಣ್ಯಾಗ ಇಂಥಾ ಮಂದಿ ಎಲ್ಲಿ ಸಿಗತಾರ?" ಎಂದರು.

ಅವರ ಮಾತೇ ನಡೆಯಿತು. ದೀಪಾವಳಿಯ ಹೊತ್ತಿಗೆ ಅವರು ಆ ಮನೆಗೆ ಬಂದರು, ಗೃಹಪ್ರವೇಶಕ್ಕೆ ನನ್ನನ್ನೂ ಕರೆದರು. ನಾನು ಅತ್ತೆಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಗಣಿತದ ಟೀಚರ್ ಶಾಲೆ ಮುಗಿಸಿಕೊಂಡು ಸೀದಾ ಅಲ್ಲಿಗೇ ಬಂದಿದ್ದಳು. ಬ್ಯಾಗನ್ನು ಮೂಲೆಗಿಟ್ಟು ನಮ್ಮ ಸಾಲಿಗೆ ಹೋಳಿಗೆ ಬಡಿಸಿದಳು, ಬೇಡವೆಂದರೂ ಅತ್ತೆಯ ಎಲೆಗೆ ಇನ್ನೊಂದು ಹಾಕಿದಳು.