ಬಂಡೆಗೆ ಬಿಸಿಲು ಇಳಿಯುವವರೆಗೆ

ಲಾಕ್‌ಡೌನ್ ಆದ ವರ್ಷ, ಡಚ್ಚರ ದೇಶದ ಬಾಡ್‌ಹೂವೆಡಾರ್ಪ್ ಎಂಬ ಊರಿನ ನಮ್ಮ ಮನೆಯ ಅಡುಗೆಕೋಣೆಯೇ ನನ್ನ ಆಫೀಸು. ಆಸ್ಟ್ರೇಲಿಯಾದ ಒಂದು ಬಡಾವಣೆಯಲ್ಲಿ ಅಲ್ಲಿನ ಮೂಲನಿವಾಸಿಗಳ ಪೂರ್ವಿಕರು ಕಲ್ಲಿನ ಕೊಡಲಿ ಮಸೆಯುತ್ತಿದ್ದ ಬಂಡೆಗಳಿದ್ದವು. ಹೊಸ ರಸ್ತೆ ಅವುಗಳ ಮೇಲೆ ಹಾಯದಂತೆ ನಕ್ಷೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಆ ಸಮುದಾಯದ ಅಜ್ಜಿಯೊಬ್ಬರು ವಿಡಿಯೊ ಕರೆಯಲ್ಲಿ ಒಂದು ಬಂಡೆ ತೋರಿಸಿದರು. ನನಗೆ ಬರೀ ಬೂದು ಬಣ್ಣ ಕಂಡಿತು.

“ಸ್ವಲ್ಪ ಸೀಮೆಸುಣ್ಣದ ಪುಡಿ ಉಜ್ಜಿ. ನಮ್ಮೂರಲ್ಲಿ ಶಾಸನ ಓದೋದು ಹಾಗೇನೇ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

“ಉಜ್ಜೋದು ಬೇಡ. ಬಿಸಿಲು ಇಳೀಲಿ,” ಎಂದರು.

ನನಗೆ ಬೆಳಗಿನ ಮೀಟಿಂಗುಗಳಿದ್ದವು. ಮುಖ ಗಂಟು ಹಾಕಿಕೊಂಡೇ ಕಾದೆ. ಅಲ್ಲಿ ಸಂಜೆಯ ಬಿಸಿಲು ಓರೆಯಾದಂತೆ ಬಂಡೆಯ ಮೇಲಿನ ಉದ್ದುದ್ದ ಗುಳಿಗಳಲ್ಲಿ ನೆರಳು ತುಂಬಿ, ಒಂದೊಂದೂ ಎದ್ದು ಕಂಡಿತು. ಗುರುತು ಹಾಕಿಕೊಂಡೆ.

“ನಿಮ್ಮೂರ ಶಾಸನ ಚೆನ್ನಾಗಿದೆಯಾ?” ಎಂದು ಅಜ್ಜಿ ಕೇಳಿದರು.

“ಹೂಂ, ಇದೆ,” ಎಂದೆ.

ಒಲೆಯ ಮುಂದಿದ್ದ ಹೆಂಡತಿ ಇತ್ತ ತಿರುಗದೆಯೇ ಕನ್ನಡದಲ್ಲಿ ಹೇಳಿದಳು: “ಎಲ್ಲಿದೆ? ಉಜ್ಜಿ ಉಜ್ಜಿ ಒಂದಕ್ಷರಾನೂ ಉಳಿದಿಲ್ಲ ಅಂತ ಹೋದ್ಸಲ ನೀವೇ ಅಂದ್ರಲ್ಲ.”

“ಅವರೇನಂದರು?” ಎಂದರು ಅಜ್ಜಿ.

ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು.