ಅಪ್ಪ ತೊಗಲಿನ ಪರೀಕ್ಷೆಗೆ ಕೂತದ್ದು

ನಾನು ಸರಿಯಾಗಿ ಕನ್ನಡ ಮಾತಾಡಲು ಕಲಿತದ್ದು ಬೆಳಗಿನ ಟಿಟ್ವಾಳಾ ಲೋಕಲ್ ರೈಲಿನಲ್ಲಿ. ಆಗ ನನಗೆ ಹತ್ತೊಂಬತ್ತು ವರ್ಷ, ಠಾಣೆಯ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿದ್ದೆ. ಅಪ್ಪ ರಬಾಳೆಯಲ್ಲಿ ಚರ್ಮದ ಬ್ಯಾಗು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರನಾಗಿದ್ದ. ವಿಜಯಪುರದ ಕಡೆಯ ಹಳ್ಳಿಯಿಂದ ಹರೆಯದಲ್ಲಿ ಬಂದವನು, ಮೊದಲು ಉಲ್ಹಾಸನಗರದಲ್ಲಿ ಬೆಲ್ಟು ಹೊಲಿದು, ಆಮೇಲೆ ರಬಾಳೆಗೆ ಸೇರಿದ್ದ. ಅವನೂ ಅವ್ವನೂ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರು. ನಾನು ಎಲ್ಲವನ್ನೂ ಅರ್ಥ ಮಾಡಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಅದು ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ನಮ್ಮ ಬಿಲ್ಡಿಂಗಿನ ಕನ್ನಡದ ಮಕ್ಕಳೆಲ್ಲ ಹಾಗೇ ಇದ್ದರು.

ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ‘ಬ್ಯಾಗ್ ಕಂಪನಿ’ ಎನ್ನುತ್ತಿದ್ದೆ. ಶಾಲೆಯ ಫಾರಂಗಳಲ್ಲಿ ‘ಖಾಸಗಿ ನೌಕರಿ’ ಎಂದು ಬರೆಯುತ್ತಿದ್ದೆ. ಚರ್ಮ ಎಂಬ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಹೀಗೆ ಮುಚ್ಚಿಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನೂ ಅದನ್ನು ಗಮನಿಸಿದ್ದನೆಂದು ಈಗ ಅನಿಸುತ್ತದೆ, ಆದರೆ ಒಂದು ಸಲವೂ ಕೇಳಲಿಲ್ಲ.

ಆ ವರ್ಷ ಅಪ್ಪನ ಶೇಠರಿಗೆ ಹೊರದೇಶದ ಒಂದು ಅಂಗಡಿಯಿಂದ ಆರ್ಡರ್ ಬರುವಂತಿತ್ತು. ಅಲ್ಲಿಯವರ ಬೇಡಿಕೆಗಳ ಪಟ್ಟಿ ಉದ್ದವಿತ್ತು. ಚರ್ಮದಲ್ಲಿ ಯಾವ ರಾಸಾಯನಿಕ ಇರಬಾರದು, ಹೊಲಿಗೆ ಎಷ್ಟು ಜಗ್ಗಿದರೆ ತಾಳಬೇಕು, ಕೆಲಸಗಾರರು ಏನು ತೊಟ್ಟಿರಬೇಕು, ಎಲ್ಲವೂ ಅದರಲ್ಲಿತ್ತು. ಇಂಥ ಸಣ್ಣ ಕಾರ್ಖಾನೆಗಳನ್ನು ಆ ಮಟ್ಟಕ್ಕೆ ಎತ್ತಲೆಂದು ಸರ್ಕಾರದ ಒಂದು ಯೋಜನೆ ಇತ್ತು. ಶೇಠರು ಓಡಾಡಿ ಅರ್ಜಿ ಹಾಕಿದರು. ಹೊಸ ಮಶೀನುಗಳಿಗೆ ಸರ್ಕಾರದ ನೆರವು ಸಿಕ್ಕಿತು, ಚರ್ಮವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಲು ದಾರಿಯಾಯಿತು, ಕೆಲಸ ಕಲಿಸಲು ಒಬ್ಬ ಶಿಕ್ಷಕ ಕೆಲವು ವಾರ ಬಂದು ಹೋದ. ಕೊನೆಗೆ ಕೆಲಸಗಾರರೆಲ್ಲ ಒಂದು ಪರೀಕ್ಷೆಗೆ ಕೂತು ಪ್ರಮಾಣಪತ್ರ ಪಡೆಯಬೇಕಿತ್ತು.

ಶಿಕ್ಷಕ ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟಿದ್ದ, ಹಿಂದಿಯಲ್ಲಿ. ಅಪ್ಪ ಓದಿದ್ದು ಊರಿನ ಶಾಲೆಯಲ್ಲಿ ಮೂರನೇ ಇಯತ್ತೆ. ಮೂವತ್ತು ವರ್ಷದಿಂದ ಹಿಂದಿ ಮಾತಾಡುತ್ತಿದ್ದರೂ ಅದು ಕಾರ್ಖಾನೆಯ ಹಿಂದಿ, ಪುಸ್ತಕದ್ದಲ್ಲ. ಒಂದು ಬೆಳಿಗ್ಗೆ ಅವನು ಪುಸ್ತಕವನ್ನು ನನ್ನ ಮುಂದಿಟ್ಟ. ಓದಿ ಮರಾಠಿಯಲ್ಲಿ ಹೇಳುತ್ತೇನೆ ಎಂದೆ.

“ಕನ್ನಡದಾಗ ಹೇಳವ್ವಾ,” ಎಂದ ಅಪ್ಪ. “ಮರಾಠಿ ತಲಿಗೆ ತಿಳೀತದ. ಕೈಗೆ ತಿಳೀಬೇಕಲ್ಲ.”

ನಮ್ಮ ಲೋಕಲ್ ಟಿಟ್ವಾಳಾದಿಂದಲೇ ಹೊರಡುತ್ತಿತ್ತು, ಹಾಗಾಗಿ ಕೂರಲು ಜಾಗ ಸಿಗುತ್ತಿತ್ತು. ನಾನು ಹೆಂಗಸರ ಡಬ್ಬಿ ಬಿಟ್ಟು ಅಪ್ಪನ ಜೊತೆ ಜನರಲ್ ಡಬ್ಬಿ ಹತ್ತತೊಡಗಿದೆ. ಠಾಣೆಯಲ್ಲಿ ಇಬ್ಬರೂ ಇಳಿಯುತ್ತಿದ್ದೆವು. ನಾನು ಕಾಲೇಜಿಗೆ ನಡೆದರೆ ಅಪ್ಪ ವಾಶಿ ಕಡೆಯ ಗಾಡಿ ಹಿಡಿದು ರಬಾಳೆಗೆ ಹೋಗುತ್ತಿದ್ದ. ಅಲ್ಲಿಯವರೆಗಿನ ಮುಕ್ಕಾಲು ಗಂಟೆ ನಮ್ಮ ಪಾಠದ ಹೊತ್ತು.

ಮೊದಲ ದಿನಗಳಲ್ಲಿ ನನ್ನ ಬಾಯಿಗೆ ಮಾತೇ ಬರುತ್ತಿರಲಿಲ್ಲ. ಒಂದು ವಾಕ್ಯಕ್ಕೆ ಮೂರು ಮರಾಠಿ ಪದ ನುಸುಳುತ್ತಿದ್ದವು. ಅಪ್ಪ ಒಂದೊಂದನ್ನೂ ತಿದ್ದುತ್ತಿದ್ದ. ಚರ್ಮವನ್ನು ತೊಗಲು ಅನ್ನು ಎಂದ. ಹೊಟ್ಟೆಯ ಕಡೆಯ ತೊಗಲು ಜಗ್ಗುತ್ತದೆ, ಬೆನ್ನಿನದು ಜಗ್ಗುವುದಿಲ್ಲ, ಆದ್ದರಿಂದ ಬ್ಯಾಗಿನ ಹಿಡಿಕೆ ಬೆನ್ನಿನದೇ ಆಗಬೇಕು ಎಂದು ಹೇಳಿದ. ಹದ ಮಾಡಿದ ತೊಗಲಿನ ಮೇಲೂ ದನ ಬದುಕಿದ್ದಾಗ ಮುಳ್ಳು ಗೀರಿದ ಗುರುತು, ಉಣ್ಣಿ ಕಚ್ಚಿದ ಚುಕ್ಕೆ ಉಳಿದಿರುತ್ತವಂತೆ. ಪುಸ್ತಕದಲ್ಲಿ ಇದೆಲ್ಲಕ್ಕೂ ಒಂದು ಕೋಷ್ಟಕವಿತ್ತು. ನಾನು ಕೋಷ್ಟಕ ಓದುವ ಮೊದಲೇ ಅಪ್ಪ ಮುಂದಿನದನ್ನು ಹೇಳಿಬಿಡುತ್ತಿದ್ದ. ಅವನಿಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಕಲ್ಯಾಣದಲ್ಲಿ ಒಬ್ಬ ಹಿರಿಯರು ಹತ್ತುತ್ತಿದ್ದರು. ಧಾರವಾಡದ ಕಡೆಯವರು, ಯಾವುದೋ ಆಫೀಸಿನಲ್ಲಿ ನೌಕರಿ. ನಮ್ಮ ಕನ್ನಡ ಕೇಳಿ ಹತ್ತಿರ ಬಂದಿದ್ದರು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವರಿಗೆ ಸರಿದು ಜಾಗ ಮಾಡುವುದು ಲೋಕಲ್‌ನ ರೂಢಿ. ಅಪ್ಪ ಅವರಿಗೆ ಆ ತುದಿಯ ಜಾಗ ಕೊಡುತ್ತಿದ್ದ. ಒಂದು ದಿನ ಅವರು ನನ್ನ ಕೈಯ ಪುಸ್ತಕ ನೋಡಿ, ಇದೇನು ಓದುತ್ತೀರಿ ಎಂದು ಕೇಳಿದರು. ನಾನು ‘ಬ್ಯಾಗ್ ಕಂಪನಿ’ ಎಂದು ಶುರು ಮಾಡುವಷ್ಟರಲ್ಲಿ ಅಪ್ಪ ಸಹಜವಾಗಿ, ತಾನು ತೊಗಲು ಕತ್ತರಿಸುವವನು, ಅದರ ಪರೀಕ್ಷೆ ಇದೆ ಎಂದ. ಅವರು ಪುಸ್ತಕದಿಂದ ಕಣ್ಣು ತೆಗೆದರು. ಅಪ್ಪನ ಕೈ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಮುಂದಿನ ಎರಡು ದಿನ ಅವರು ನಮ್ಮ ಬೆಂಚಿಗೆ ಬರಲಿಲ್ಲ. ಮೂರನೆಯ ದಿನ ಬಂದು ಎಂದಿನಂತೆ ಕೂತರು. ರಜೆ ಹಾಕಿದ್ದರೋ, ಬೇರೆ ಡಬ್ಬಿ ಹತ್ತಿದ್ದರೋ, ನಾವು ಕೇಳಲಿಲ್ಲ.

ಅಂದು ನಾನು ‘ಟಾಲರೆನ್ಸ್’ ಎಂಬ ಪದದಲ್ಲಿ ಸಿಕ್ಕಿಬಿದ್ದಿದ್ದೆ. ಕನ್ನಡದಲ್ಲಿ ಏನೆಂದು ಮೊಬೈಲಿಗೆ ಕೇಳಿದರೆ ‘ಸಹನೆ’ ಎಂದು ಓದಿ ಹೇಳಿತು. ಕತ್ತರಿಸಿದ ತುಂಡಿಗೆ ಅರ್ಧ ಮಿಲಿಮೀಟರಿನ ಸಹನೆ ಇರಬೇಕು ಎಂದು ನಾನು ಅಪ್ಪನಿಗೆ ವಿವರಿಸಿದೆ. ತೊಗಲಿಗೆ ಎಲ್ಲಿಯ ಸಹನೆ ಎಂದು ಅಪ್ಪ ನಕ್ಕ. ಹಿರಿಯರೂ ನಕ್ಕರು.

“ಎಷ್ಟು ಹೆಚ್ಚು ಕಡಿಮಿ ಆದ್ರ ನಡೀತದ ಅನ್ನೋದು ತಂಗಿ, ಅಷ್ಟ,” ಎಂದರು.

ಅಂದಿನಿಂದ ಅವರೂ ಪಾಠದ ಪಾಲುದಾರರಾದರು. ನನಗೆ ಕನ್ನಡ ಅಕ್ಷರ ಬರುವುದಿಲ್ಲವೆಂದು ತಿಳಿದಾಗ ಒಂದು ಅಂಕಲಿಪಿ ತಂದುಕೊಟ್ಟರು.

ಪರೀಕ್ಷೆ ಕಾರ್ಖಾನೆಯಲ್ಲೇ ನಡೆಯಿತು. ಪರೀಕ್ಷಕರು ಚೆನ್ನೈ ಕಡೆಯ ಹೆಂಗಸು, ಹೆಚ್ಚು ಮಾತಿಲ್ಲದವರು. ಅಪ್ಪನ ಒತ್ತಾಯಕ್ಕೆ ನಾನೂ ಹೋಗಿದ್ದೆ. ಶೇಠರ ಕೋಣೆಯಲ್ಲಿ ಕೂತು ಗಾಜಿನ ಮೂಲಕ ನೋಡಿದೆ. ಅಪ್ಪ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲ ಸಲ. ತೊಗಲನ್ನು ಮೇಜಿನ ಮೇಲೆ ಹರವಿ, ಅಂಗೈಯಿಂದ ಒಮ್ಮೆ ಪೂರ್ತಿ ಸವರಿದ. ರಟ್ಟಿನ ಮಾದರಿಗಳನ್ನು ಅದರ ಮೇಲೆ ಒಂದಕ್ಕೊಂದು ಒತ್ತಿ ಜೋಡಿಸಿ, ಕತ್ತಿಯನ್ನು ಎಲ್ಲೂ ನಿಲ್ಲಿಸದೆ ತಿರುವಿದ. ಮುಗಿದಾಗ ಮೇಜಿನ ಮೇಲೆ ಉಳಿದ ಚೂರು ಒಂದು ಮುಷ್ಟಿಯಷ್ಟೂ ಇರಲಿಲ್ಲ. ನನಗೆ ಎದ್ದು ನಿಂತು ನೋಡಬೇಕೆನಿಸಿತು.

ಆದರೂ ಅಪ್ಪ ಫೇಲಾದ. ಎಡಗೈಗೆ ಕೊಟ್ಟಿದ್ದ ಕೈಗವಸನ್ನು ಅವನು ಹಾಕಿಕೊಂಡಿರಲಿಲ್ಲ. ತೊಗಲಿನ ದಪ್ಪ ಹೇಗೆ ನೋಡುತ್ತೀರಿ ಎಂದು ಕೇಳಿದ್ದಕ್ಕೆ ಬೆರಳಿನಿಂದ ಎಂದಿದ್ದ. ದಪ್ಪ ಅಳೆಯುವ ಗೇಜು ಪಕ್ಕದಲ್ಲೇ ಇದ್ದರೂ ಮುಟ್ಟಿರಲಿಲ್ಲ. ಉಳಿದವರೆಲ್ಲ ಪಾಸಾಗಿದ್ದರು, ಅಪ್ಪನೇ ಕೆಲಸ ಕಲಿಸಿದ್ದ ಇಬ್ಬರೂ ಸೇರಿ. ತಿಂಗಳ ನಂತರ ಮತ್ತೊಂದು ಅವಕಾಶವಿದೆ ಎಂದು ಪರೀಕ್ಷಕರು ಹೇಳಿ ಹೋದರು. ಶೇಠರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಕಾಗದದ ಕೆಲಸ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು.

ಸಂಜೆ ಮನೆಗೆ ಬಂದೆವು. ನನಗೆ ಆ ಹೆಂಗಸಿನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಅಪ್ಪನ ಬೆರಳಿಗೆ ಗೇಜು ಯಾಕೆ ಬೇಕು ಎಂದು ಅವ್ವನ ಮುಂದೆ ಕೂಗಾಡಿದೆ. ಕೂಗಾಡಿದ್ದು ಕನ್ನಡದಲ್ಲಿ ಎಂಬುದನ್ನು ಅವ್ವ ಆಮೇಲೆ ಹೇಳಿ ನಕ್ಕಳು.

ಮರುದಿನ ಸಂಜೆ ಅಪ್ಪ ಶೇಠರನ್ನು ಕೇಳಿ ಗೇಜನ್ನು ಮನೆಗೆ ತಂದ. ಗಡಿಯಾರದಂಥ ಮುಖ, ಕೆಳಗೆ ಸಣ್ಣ ದವಡೆ. ದವಡೆಯ ನಡುವೆ ತೊಗಲಿಟ್ಟರೆ ಮುಳ್ಳು ದಪ್ಪ ತೋರಿಸುತ್ತಿತ್ತು. ಮಾರನೆಯ ಬೆಳಿಗ್ಗೆ ಲೋಕಲ್‌ನಲ್ಲಿ ಟಿಫಿನ್ ಚೀಲದಿಂದ ತೊಗಲಿನ ಚೂರುಗಳನ್ನು ತೆಗೆದು ನನ್ನ ಮಡಿಲಿಗೆ ಹಾಕಿದ. ತಾನು ಮುಟ್ಟಿ ಹೇಳುತ್ತೇನೆ, ನೀನು ಗೇಜು ಹಿಡಿದು ನೋಡು ಎಂದ. ಅವನ ಬೆರಳು ಗೆಲ್ಲುತ್ತದೆಂದು ನನಗೆ ಖಾತ್ರಿಯಿತ್ತು, ಅವನಿಗೂ ಇತ್ತು.

ಮೊದಲನೆಯದು ಒಂದು ದಶಾಂಶ ಎರಡು ಮಿಲಿಮೀಟರು ಎಂದ, ಗೇಜೂ ಅದನ್ನೇ ತೋರಿಸಿತು. ಎರಡನೆಯದೂ ಸರಿ. ಹಿರಿಯರು ಭೇಷ್ ಎಂದರು. ಮೂರನೆಯದನ್ನು ಒಂದು ದಶಾಂಶ ನಾಲ್ಕು ಎಂದ. ಮುಳ್ಳು ಒಂದು ದಶಾಂಶ ಒಂದರ ಹತ್ತಿರ ನಿಂತಿತು. ನಾನು ಸುಳ್ಳು ಹೇಳಬಹುದಿತ್ತು. ಒಂದು ಕ್ಷಣ ಹಾಗೆ ಯೋಚಿಸಿದ್ದು ನೆನಪಿದೆ. ಅಷ್ಟರಲ್ಲಿ ಅಪ್ಪ ಬಗ್ಗಿ ತಾನೇ ನೋಡಿದ. ಆ ಚೂರನ್ನು ಮತ್ತೆ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬಹಳ ಹೊತ್ತು ಉಜ್ಜಿದ. ಗಾಡಿ ಡೊಂಬಿವಲಿಗೆ ಬಂದು ಜನ ನುಗ್ಗಿದರು. ನಾನು ಉಳಿದ ಚೂರುಗಳನ್ನು ಟಿಫಿನ್ ಚೀಲಕ್ಕೆ ತುಂಬಿದೆ.

ಠಾಣೆಯಲ್ಲಿ ಇಳಿದ ಮೇಲೆ ಪ್ಲಾಟ್‌ಫಾರಂ ಮೇಲೆ ನಿಂತು ಅಪ್ಪ ಹೇಳಿದ: “ಆ ಮೇಡಂದು ತಪ್ಪಿಲ್ಲವ್ವಾ. ನನ್ನ ಬಟ್ಟಿಗೆ ವಯಸ್ಸಾಗೇದ. ನನಗ ಯಾರೂ ಹೇಳಿರಲಿಲ್ಲ ನೋಡು.”

ಬಟ್ಟು ಅಂದರೆ ಬೆರಳು. ಮನೆಯಲ್ಲಿ ಎಷ್ಟೋ ಸಲ ಕೇಳಿದ್ದರೂ ಆ ಪದವನ್ನು ನಾನು ಗಮನಿಸಿದ್ದು ಅಂದೇ ಮೊದಲೆಂದು ಕಾಣುತ್ತದೆ. ಅರ್ಥ ಕೇಳುವ ಅಗತ್ಯ ಬೀಳಲಿಲ್ಲ.

ಉಳಿದ ವಾರಗಳಲ್ಲಿ ಅಪ್ಪ ನಿಜವಾಗಿ ಓದಿದ, ಅಂದರೆ ಕೇಳಿದ. ಮೊದಲು ಹಾರಿಸಿದ್ದ ಪುಟಗಳನ್ನೂ ಓದಿಸಿದ. ಅಂಟು ಬಳಸುವಾಗ ಕಿಟಕಿ ಯಾಕೆ ತೆರೆದಿರಬೇಕು, ಕೆಲಸದ ಮೇಜು ಎಷ್ಟು ಎತ್ತರವಿದ್ದರೆ ಸೊಂಟ ನೋಯುವುದಿಲ್ಲ ಎಂಬುದೆಲ್ಲ ಅದರಲ್ಲಿತ್ತು. ಇಷ್ಟು ವರ್ಷ ಬಗ್ಗಿ ನಿಂತದ್ದು ಸುಮ್ಮನೆ ಎಂದು ಒಮ್ಮೆ ಗೊಣಗಿದ. ಒಂದು ವಿಷಯದಲ್ಲಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಮುಳ್ಳಿನ ಗೀರಿದ್ದ ಭಾಗವನ್ನು ಅವನು ಬ್ಯಾಗಿನ ಒಳಮಗ್ಗುಲಿಗೆ ಬರುವಂತೆ ಕತ್ತರಿಸುತ್ತಿದ್ದ. ಹೊಸ ನಿಯಮದಂತೆ ಅದನ್ನು ಎಸೆಯಬೇಕಿತ್ತು. ಆ ದನಕ್ಕೆ ಆಗಲೇ ನೋವಾಗಿದೆ, ಅದರ ತೊಗಲನ್ನೂ ಯಾಕೆ ಎಸೆಯುತ್ತಾರೆ ಎಂದು ಕೇಳಿದ. 

ಎರಡನೆಯ ಸಲ ನಾನು ಹೋಗಲಿಲ್ಲ, ಕಾಲೇಜಿನಲ್ಲಿ ನನ್ನದೇ ಪರೀಕ್ಷೆಯಿತ್ತು. ನಡೆದದ್ದನ್ನು ಆಮೇಲೆ ಶೇಠರು ಹೇಳಿದರು. ಅದೇ ಹೆಂಗಸು ಬಂದಿದ್ದರು. ಅಪ್ಪ ಕೈಗವಸು ತೊಟ್ಟು, ಒಂದೊಂದು ತೊಗಲನ್ನೂ ನಾಲ್ಕು ಕಡೆ ಅಳೆದು ಕತ್ತರಿಸಿದ. ಕಳೆದ ಸಲ ಬೆರಳು ಸಾಕು ಎಂದಿದ್ದಿರಲ್ಲ, ಈಗ ಗೇಜು ಯಾಕೆ ಎಂದು ಅವರು ಕೇಳಿದರಂತೆ. “ಉಂಗ್ಲಿ ಬುಡ್ಢಾ ಹೋತಾ ಹೈ ಮೇಡಂ, ಗೇಜ್ ನಹೀ ಹೋತಾ,” ಎಂದನಂತೆ ಅಪ್ಪ. ಬೆರಳು ಮುಪ್ಪಾಗುತ್ತದೆ, ಗೇಜು ಆಗುವುದಿಲ್ಲ. ಆಕೆ ಬರೆಯುವುದನ್ನು ನಿಲ್ಲಿಸಿ ಅಪ್ಪನಿಗೆ ಕುರ್ಚಿ ಹಾಕಿಸಿದರಂತೆ.

ಅಪ್ಪ ಪಾಸಾದ. ಆರ್ಡರೂ ಬಂತು. ಅದರ ನಂತರ ಅವನು ಕತ್ತಿ ಹಿಡಿದದ್ದು ಕಡಿಮೆ, ಹೊಸಬರಿಗೆ ಕಲಿಸಿದ್ದೇ ಹೆಚ್ಚು. ಕೆಲವು ವರ್ಷಗಳಲ್ಲಿ ಕಾರ್ಖಾನೆ ಇನ್ನೂ ದೂರದ ದೊಡ್ಡ ಜಾಗಕ್ಕೆ ಹೋಯಿತು, ಅಪ್ಪ ಕೆಲಸ ಬಿಟ್ಟ. ಈಗ ಅವನೂ ಅವ್ವನೂ ಡೊಂಬಿವಲಿಯಲ್ಲಿ ನನ್ನ ಜೊತೆಯೇ ಇದ್ದಾರೆ. ಕಲ್ಯಾಣದ ಹಿರಿಯರು ನಿವೃತ್ತರಾದ ಮೇಲೆ ಒಂದೆರಡು ವರ್ಷ ಹಬ್ಬಕ್ಕೆ ಫೋನು ಮಾಡುತ್ತಿದ್ದರು.

ಆ ಆರ್ಡರಿನ ಮೊದಲ ಸರಕು ಹೊರದೇಶಕ್ಕೆ ಹೊರಟ ದಿನ ಶೇಠರು ಅರ್ಧ ದಿನ ರಜೆ ಕೊಟ್ಟಿದ್ದರು. ಅಪ್ಪ ನನ್ನನ್ನು ರಬಾಳೆಗೆ ಕರೆಸಿಕೊಂಡು, ಮನೆಗೆ ಹೋಗದೆ ವಾಶಿಯ ಮಾಲ್‌ಗೆ ಕರೆದುಕೊಂಡು ಹೋದ. ಹೊರದೇಶದ ಬ್ಯಾಗು ಮಾರುವ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತು, ಅಂಗಿ ಸರಿಮಾಡಿಕೊಂಡು, ಒಳಗೆ ನಡೆದ. ಅಂಗಡಿಯ ಹುಡುಗಿ ಏನು ಬೇಕೆಂದು ನನ್ನನ್ನು ಕೇಳಿದಳು. ನಮ್ಮಪ್ಪ ಚರ್ಮದ ಕೆಲಸದವರು, ಸುಮ್ಮನೆ ನೋಡಬೇಕಂತೆ ಎಂದೆ.  ಅವಳು ನಕ್ಕು, ಕಂದು ಬಣ್ಣದ ಒಂದು ಬ್ಯಾಗನ್ನು ಇಳಿಸಿ ಅಪ್ಪನ ಕೈಗೆ ಕೊಟ್ಟಳು.

ಅಪ್ಪ ಅದನ್ನು ತಲೆಕೆಳಗು ಮಾಡಿ ನೋಡಿದ. ಹಿಡಿಕೆಯ ಬುಡವನ್ನು ಒತ್ತಿದ. ಒಳಗೆ ಕೈ ಹಾಕಿ ಅಂಚಿನುದ್ದಕ್ಕೂ ಬೆರಳು ಎಳೆದ. ಒಳಮಗ್ಗುಲಿನಲ್ಲಿದ್ದ ಮುಳ್ಳಿನ ಸಣ್ಣ ಗೀರೊಂದರ ಮೇಲೆ ಅದು ನಿಂತಿತು. ಆಮೇಲೆ ಬ್ಯಾಗನ್ನು ಒರೆಸಿ ಅವಳಿಗೆ ಎರಡೂ ಕೈಯಿಂದ ವಾಪಸು ಕೊಟ್ಟು, ನನ್ನ ಕಡೆ ತಿರುಗಿದ.

“ಇದನ್ನ ಕತ್ತರಿಸಿದಾಂವ ಯಾರೋ, ಚಲೋ ಮನಷ್ಯಾ ಅದಾನ,” ಎಂದ.